ಘಟ್ಟ ಇಳಿದರೆ ಎಕ್ಸ್‌ಎಂಎಲ್ ಒಡೆಯುತ್ತದೆ: ಶಿರಸಿ ಬಿಲ್ ಪಾಸ್, ಕುಮಟಾ ಬಿಲ್ ಫೇಲ್

ಸೊಪ್ಪಿನಬೆಟ್ಟ (ಶಿರಸಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಡಿಕೆ ವ್ಯಾಪಾರದ ಒಂದು ಸಂಸ್ಥೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಒಂದು ಬಿಲ್ಲಿಗೆ ಒಂದು ಎಕ್ಸ್‌ಎಂಎಲ್ ಫೈಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಇಡುವ ಟೆಕ್ಸ್ಟ್ ಫೈಲ್). ಬೆಳೆಗಾರರ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ, ತಾಲೂಕು ಮತ್ತು ಮಾಲಿನ ಹೆಸರು ಕನ್ನಡದಲ್ಲಿ. ನಡುವೆ ಒಂದು ಹಳೇ ಜಾವಾ ಪ್ರೋಗ್ರಾಂ ಈ ಫೈಲ್ ಓದಿ, ರಸೀದಿ ನಂಬರ್ ಸೇರಿಸಿ, ಮತ್ತೆ ಬರೆದು ಲೆಕ್ಕದ ಸರ್ವರ್‌ಗೆ ಕಳಿಸುತ್ತದೆ. ಅದನ್ನು ಬರೆದವರು ಈಗ ಸಂಪರ್ಕದಲ್ಲಿಲ್ಲ.

ಇಷ್ಟು ದಿನ ತಾಲೂಕಿನ ಹೆಸರೂ ಇಂಗ್ಲಿಷಿನಲ್ಲೇ ಇತ್ತು. ಕನ್ನಡಕ್ಕೆ ಬದಲಾಯಿಸಿದ ಮೇಲೆ ಸರ್ವರ್ ಕೆಲವು ಬಿಲ್ ವಾಪಸ್ ಕಳಿಸುತ್ತಿದೆ. ಎರರ್ ಇದು: ‘ಇನ್‌ವ್ಯಾಲಿಡ್ ಬೈಟ್ 3 ಆಫ್ 3-ಬೈಟ್ ಯುಟಿಎಫ್-8 ಸೀಕ್ವೆನ್ಸ್’.

ವಿಚಿತ್ರ ಏನು ಅಂದರೆ ಶಿರಸಿ ಬಿಲ್ ಹೋಗುತ್ತದೆ, ಕುಮಟಾ ಮತ್ತು ಹೊನ್ನಾವರದ್ದು ಹೋಗುವುದಿಲ್ಲ. ಫೈಲಿನ ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ಯುಟಿಎಫ್-8 ಅಂತಲೇ ಇದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಇದೇ ಪ್ರೋಗ್ರಾಂ ಓಡಿಸಿದರೆ ಎಲ್ಲವೂ ಸರಿ. ಕಚೇರಿಯ ವಿಂಡೋಸ್ ಮಷಿನ್‌ನಲ್ಲಿ ಮಾತ್ರ ಹೀಗೆ. ಅಲ್ಲಿರುವುದು ಜಾವಾ 8.

ಅಘನಾಶಿನಿ (ಕುಮಟಾ)

ದೇವಿಮನೆ ಘಟ್ಟದ ತಿರುವಿನಲ್ಲಿ ಬೈಟ್ ಬಿದ್ದು ಹೋಗ್ತಾ ಇರಬೇಕು ಮಾರಾಯ್ರೆ :)

ತಮಾಷೆ ಬಿಡಿ. ನಮ್ಮಲ್ಲೂ ಇಂಥದ್ದೇ ಎರರ್ ಇತ್ತು. ಮೊದಲ ಸಾಲಿನ ಯುಟಿಎಫ್-8 ತೆಗೆದು ಐಎಸ್‌ಒ-8859-1 (ಒಂದಕ್ಷರಕ್ಕೆ ಒಂದೇ ಬೈಟ್ ಇರುವ ಹಳೇ ಎನ್‌ಕೋಡಿಂಗ್) ಅಂತ ಹಾಕಿದೆವು. ಎರರ್ ನಿಂತಿತು. ಐದು ನಿಮಿಷದ ಕೆಲಸ.

ಕೂರ್ಮಗಡ (ಕಾರವಾರ)

ಅದನ್ನು ದಯವಿಟ್ಟು ಮಾಡಬೇಡಿ. ಎರರ್ ನಿಂತಿದ್ದು ಪಾರ್ಸರ್‌ನ, ಅಂದರೆ ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂನ, ಬಾಯಿ ಮುಚ್ಚಿಸಿದ್ದರಿಂದ. 8859-1ರಲ್ಲಿ 256 ಬೈಟ್‌ಗಳಿಗೂ ಏನಾದರೊಂದು ಅರ್ಥ ಇದೆ. ಹಾಗಾಗಿ ಏನೇ ಕೊಟ್ಟರೂ ‘ಸರಿ’ ಅಂತ ನುಂಗುತ್ತದೆ. ಯುಟಿಎಫ್-8 ಹಾಗಲ್ಲ. ಅದರಲ್ಲಿ ಬೈಟ್‌ಗಳ ಜೋಡಣೆಗೆ ನಿಯಮ ಇದೆ, ತಪ್ಪಿದರೆ ಗೊತ್ತಾಗುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಇಂಥ ಕಡೆ ನಿಲ್ಲಲೇಬೇಕು ಅಂತ ನಿಯಮದಲ್ಲೇ ಬರೆದಿದ್ದಾರೆ. ಬ್ರೌಸರ್ ಎಚ್‌ಟಿಎಂಎಲ್‌ಗೆ ಮಾಡುವ ಹಾಗೆ ಹೇಗೋ ಹೊಂದಿಸಿಕೊಂಡು ಹೋಗುವ ಹಾಗಿಲ್ಲ.

ಅಘನಾಶಿನಿಯವರೇ, ನಿಮ್ಮ ಡೇಟಾಬೇಸ್ ಒಮ್ಮೆ ತೆಗೆದು ನೋಡಿ. ಕನ್ನಡದ ಜಾಗದಲ್ಲಿ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಮೇಲೆ ಏರಿಸಿದ ಸಣ್ಣ 2 ಅಥವಾ 3, ಹೀಗೆ ಸಾಲು ಸಾಲು ಕಾಣಿಸುತ್ತದೆ ಅಂದುಕೊಂಡಿದ್ದೇನೆ.

ಸೊಪ್ಪಿನಬೆಟ್ಟ, ನೀವು ಒಂದು ಕೆಲಸ ಮಾಡಿ. ಜಿಲ್ಲೆಯ 12 ತಾಲೂಕಿನಲ್ಲಿ ಯಾವುದು ಪಾಸ್, ಯಾವುದು ಫೇಲ್ ಅಂತ ಪಟ್ಟಿ ಹಾಕಿ.

ಸೊಪ್ಪಿನಬೆಟ್ಟ (ಶಿರಸಿ)

ಒಂದೇ ಮಾಲು ಇಟ್ಟುಕೊಂಡು, ತಾಲೂಕು ಮಾತ್ರ ಬದಲಿಸಿ ನೋಡಿದೆ.

ಪಾಸ್: ಕಾರವಾರ, ಅಂಕೋಲಾ, ಶಿರಸಿ, ಹಳಿಯಾಳ, ದಾಂಡೇಲಿ, ಜೋಯಿಡಾ.

ಫೇಲ್: ಕುಮಟಾ, ಹೊನ್ನಾವರ, ಭಟ್ಕಳ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ.

ಸರಿಯಾಗಿ ಅರ್ಧಕ್ಕರ್ಧ! ಘಟ್ಟದ ಮೇಲೆ, ಕೆಳಗೆ ಅನ್ನುವ ನನ್ನ ಲೆಕ್ಕ ತಲೆಕೆಳಗಾಯಿತು. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಶಿರಸಿಯದೇ ಬಿಲ್ ಆದರೂ ಮಾಲು ‘ರಾಶಿ’, ‘ಚಾಲಿ’, ‘ಕೋಕಾ’ ಅಂತಿದ್ದರೆ ಹೋಗುತ್ತದೆ. ‘ಬೆಟ್ಟೆ’, ‘ಕೆಂಪುಗೋಟು’, ‘ಬಿಳೆಗೋಟು’, ‘ಕಾಳುಮೆಣಸು’ ಇದ್ದರೆ ಒಡೆಯುತ್ತದೆ.

ಮಾವಿನಗುಂಡಿ

ಹೆಸರಿನ ಉದ್ದದ ಸಮಸ್ಯೆ ಇರಬಹುದಾ? ಫೇಲ್ ಆದವು ಸ್ವಲ್ಪ ಉದ್ದ ಅನ್ನಿಸುತ್ತದೆ.

ಸೊಪ್ಪಿನಬೆಟ್ಟ (ಶಿರಸಿ)

ಕುಮಟಾ ಮೂರಕ್ಷರ, ದಾಂಡೇಲಿಯೂ ಮೂರಕ್ಷರ. ಉದ್ದ ಅಲ್ಲ.

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ಪಟ್ಟಿ ನೋಡಿದ ಕೂಡಲೇ ಗೊತ್ತಾಯಿತು. ಫೇಲ್ ಆದ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ. ಕುಮಟಾದಲ್ಲಿ ಉಕಾರ. ಹೊನ್ನಾವರ, ಭಟ್ಕಳದಲ್ಲಿ ಒತ್ತಕ್ಷರ, ಅಂದರೆ ಒಳಗೆ ಹಲಂತ. ಸಿದ್ದಾಪುರ, ಯಲ್ಲಾಪುರದಲ್ಲಿ ಎರಡೂ ಇವೆ. ಪಾಸ್ ಆದ ಆರು ಹೆಸರಿನಲ್ಲಿ ಉಕಾರವೂ ಇಲ್ಲ, ಒತ್ತೂ ಇಲ್ಲ.

ಕಾರಣ ಬೈಟ್‌ಗಳಲ್ಲಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಚಿಹ್ನೆಗೂ ಮೂರು ಬೈಟ್. ಬೈಟ್‌ಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ ಬರೆದರೆ, ಕ ಅಂದರೆ ಇ0 ಬಿ2 95. ಮೊದಲೆರಡು ಬೈಟ್ ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ಬದಲಾಗುವುದು ಮೂರನೆಯದು. ಉಕಾರದ ಚಿಹ್ನೆ ಇ0 ಬಿ3 81. ಹಲಂತ ಇ0 ಬಿ3 8ಡಿ. ಈ 81 ಮತ್ತು 8ಡಿ ನೆನಪಿಟ್ಟುಕೊಳ್ಳಿ.

ನಿಮ್ಮ ಹಳೇ ಪ್ರೋಗ್ರಾಂ ಫೈಲ್‌ರೀಡರ್ ಬಳಸಿ ಓದಿ, ಫೈಲ್‌ರೈಟರ್ ಬಳಸಿ ಬರೆಯುತ್ತಿರಬೇಕು. ಜಾವಾ 17ರ ತನಕ ಇವೆರಡಕ್ಕೂ ಎನ್‌ಕೋಡಿಂಗ್ ಹೇಳದಿದ್ದರೆ ಆಪರೇಟಿಂಗ್ ಸಿಸ್ಟಮ್‌ನದೇ ಹಿಡಿಯುತ್ತವೆ. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ನಮ್ಮ ಕಡೆಯ ಇಂಗ್ಲಿಷ್ ವಿಂಡೋಸ್‌ನಲ್ಲಿ ವಿಂಡೋಸ್-1252, ಅದೂ ಒಂದಕ್ಷರಕ್ಕೆ ಒಂದೇ ಬೈಟ್‌ನದು. ಮೊದಲ ಸಾಲಿನಲ್ಲಿ ನೀವು ಏನು ಬರೆದಿದ್ದೀರಿ ಅಂತ ಫೈಲ್‌ರೀಡರ್ ನೋಡುವುದೇ ಇಲ್ಲ. ಅದಕ್ಕೆ ಎಕ್ಸ್‌ಎಂಎಲ್ ಅಂದರೆ ಏನೆಂದೇ ಗೊತ್ತಿಲ್ಲ.

1252ರಲ್ಲಿ ಐದು ತೂತುಗಳಿವೆ: 81, 8ಡಿ, 8ಎಫ್, 90, 9ಡಿ. ಈ ಐದು ಬೈಟ್‌ಗಳಿಗೆ ಅಕ್ಷರವೇ ಕೊಟ್ಟಿಲ್ಲ. ಓದುವಾಗ ಜಾವಾ ಅವನ್ನು ‘ಗೊತ್ತಿಲ್ಲದ ಅಕ್ಷರ’ ಮಾಡುತ್ತದೆ. ಬರೆಯುವಾಗ ಆ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ, ಅದರ ಬೈಟ್ 3ಎಫ್. ಉಳಿದ ಬೈಟ್‌ಗಳೆಲ್ಲ ಹೋದ ಹಾಗೇ ವಾಪಸ್ ಬರುತ್ತವೆ. ಓದಿದ್ದೂ ತಪ್ಪು, ಬರೆದದ್ದೂ ತಪ್ಪು, ಆದರೆ ಎರಡು ತಪ್ಪು ಒಂದನ್ನೊಂದು ಸರಿಮಾಡಿಕೊಳ್ಳುತ್ತವೆ. ಅದಕ್ಕೇ ಶಿರಸಿ, ಕಾರವಾರ ಬಚಾವ್. ಕುಮಟಾದ ಉಕಾರ ಮಾತ್ರ ಇ0 ಬಿ3 3ಎಫ್ ಆಯಿತು. ಪಾರ್ಸರ್ ಇ0 ನೋಡಿ ಮೂರು ಬೈಟ್ ಬರುತ್ತದೆ ಅಂತ ಕಾಯುತ್ತದೆ. ಮೂರನೆಯದು 80ರಿಂದ ಬಿಎಫ್ ಒಳಗಿರಬೇಕು, ಬಂದಿದ್ದು 3ಎಫ್. ನಿಮ್ಮ ಎರರ್ ಅಕ್ಷರಶಃ ಅದನ್ನೇ ಹೇಳುತ್ತಿದೆ, ಮೂರು ಬೈಟ್‌ನಲ್ಲಿ ಮೂರನೆಯದು ತಪ್ಪು ಅಂತ.

ಇದೇ ತೂತಿಗೆ ಬೀಳುವ ಇನ್ನೂ ಮೂರು ಅಕ್ಷರ: ಏ (8ಎಫ್), ಐ (90), ಝ (9ಡಿ). ‘ಏಲಕ್ಕಿ’ ಹಾಕಿ ನೋಡಿ, ಎರಡು ಕಡೆ ಒಡೆಯುತ್ತದೆ.

ಸೊಪ್ಪಿನಬೆಟ್ಟ (ಶಿರಸಿ)

ಅಬ್ಬಾ. ಏಲಕ್ಕಿ ಹಾಕಿದೆ, ಹೆಕ್ಸ್ ನೋಡಿದೆ. ಇ0 ಬಿ2 3ಎಫ್ ಒಂದು, ಇ0 ಬಿ3 3ಎಫ್ ಒಂದು. ಹೇಳಿದ ಹಾಗೇ ಇದೆ. ಕೋಡಿನಲ್ಲೂ ಫೈಲ್‌ರೀಡರ್, ಫೈಲ್‌ರೈಟರ್ ಎರಡೂ ಸಿಕ್ಕವು. ನಡುವೆ ಸ್ಟ್ರಿಂಗ್ ರಿಪ್ಲೇಸ್ ಮಾಡಿ ರಸೀದಿ ನಂಬರ್ ತುರುಕಿದ್ದಾರೆ.

ಈಗ ಅರ್ಥವಾಯಿತು, ಟೆಸ್ಟ್ ಮಾಡುವಾಗ ಯಾಕೆ ಸಿಗಲಿಲ್ಲ ಅಂತ. ಟೆಸ್ಟ್ ಬಿಲ್ಲಿನಲ್ಲಿ ಇದ್ದದ್ದು ‘ಶಿರಸಿ’ ಮತ್ತು ‘ರಾಶಿ’.

ಮಾವಿನಗುಂಡಿ

ಜಿಲ್ಲೆಯ ಹೆಸರೇ ‘ಉತ್ತರ ಕನ್ನಡ’ ಅಲ್ವಾ? ಎರಡು ಒತ್ತಕ್ಷರ. ಅದು ಇದ್ದಿದ್ದರೆ ಮೊದಲ ದಿನವೇ ಎಲ್ಲ ಬಿಲ್ ಒಡೆಯುತ್ತಿತ್ತು.

ಸೊಪ್ಪಿನಬೆಟ್ಟ (ಶಿರಸಿ)

ಜಿಲ್ಲೆಗೆ ಬರೀ ಕೋಡ್ ನಂಬರ್ ಇದೆ. ಅದೇ ಎಡವಟ್ಟಾಯಿತು.

ಕೂರ್ಮಗಡ (ಕಾರವಾರ)

ಈಗ ರಿಪೇರಿ. ತಾತ್ಕಾಲಿಕಕ್ಕೆ ಜಾವಾ ಶುರುಮಾಡುವ ಕಮಾಂಡ್‌ನಲ್ಲಿ ‘ಫೈಲ್ ಡಾಟ್ ಎನ್‌ಕೋಡಿಂಗ್’ ಅನ್ನು ಯುಟಿಎಫ್-8 ಅಂತ ಕೊಟ್ಟರೆ ಇವತ್ತು ಸಂಜೆಯೇ ಬಿಲ್ ಹೋಗುತ್ತದೆ. ಆದರೆ ಯಾರೋ ಶಾರ್ಟ್‌ಕಟ್ ಬದಲಿಸಿದ ದಿನ ಮತ್ತೆ ಇದೇ ಕಥೆ.

ಸರಿಯಾದ ದಾರಿ ಬೇರೆ. ಎಕ್ಸ್‌ಎಂಎಲ್ ಫೈಲನ್ನು ನೀವು ಟೆಕ್ಸ್ಟ್ ಮಾಡಿ ಪಾರ್ಸರ್‌ಗೆ ಕೊಡಬೇಡಿ. ಬೈಟ್‌ಗಳನ್ನೇ ಕೊಡಿ. ಜಾವಾದಲ್ಲಿ ಅಂದರೆ ರೀಡರ್ ಬದಲು ಇನ್‌ಪುಟ್‌ಸ್ಟ್ರೀಮ್. ಆಗ ಪಾರ್ಸರ್ ತಾನೇ ಮೊದಲ ಕೆಲವು ಬೈಟ್ ನೋಡುತ್ತದೆ. ಎಫ್‌ಇ ಎಫ್‌ಎಫ್ ಅಥವಾ ಎಫ್‌ಎಫ್ ಎಫ್‌ಇ (ಬೈಟ್ ಆರ್ಡರ್ ಮಾರ್ಕ್ ಅನ್ನುವ ಗುರುತು) ಇದ್ದರೆ ಯುಟಿಎಫ್-16. ಇಎಫ್ ಬಿಬಿ ಬಿಎಫ್ ಇದ್ದರೆ ಯುಟಿಎಫ್-8. ಇದ್ಯಾವುದೂ ಇಲ್ಲದೆ ನೇರವಾಗಿ 3ಸಿ 3ಎಫ್ ಬಂದರೆ ಮೊದಲ ಸಾಲಿನ ಘೋಷಣೆ ಓದಿ ಅದರಲ್ಲಿ ಹೇಳಿದ ಎನ್‌ಕೋಡಿಂಗ್ ಹಿಡಿಯುತ್ತದೆ. ಘೋಷಣೆಯೂ ಇಲ್ಲದಿದ್ದರೆ ಯುಟಿಎಫ್-8 ಅಂತಲೇ ಲೆಕ್ಕ. ಈ ಬುದ್ಧಿ ಪಾರ್ಸರ್ ಒಳಗೆ ಇದೆ. ನೀವು ಮೊದಲೇ ಸ್ಟ್ರಿಂಗ್ ಮಾಡಿ ಕೊಟ್ಟರೆ ಅದಕ್ಕೆ ಕೆಲಸವೇ ಇಲ್ಲ, ಘೋಷಣೆಯನ್ನು ಪಕ್ಕಕ್ಕಿಡುತ್ತದೆ.

ಬರೆಯುವಾಗಲೂ ಹಾಗೇ. ಎಕ್ಸ್‌ಎಂಎಲ್ ಬರೆಯುವ ಜಾವಾದ ಟ್ರಾನ್ಸ್‌ಫಾರ್ಮರ್‌ಗೆ ಎನ್‌ಕೋಡಿಂಗ್ ಹೇಳಿ, ಔಟ್‌ಪುಟ್‌ಸ್ಟ್ರೀಮ್‌ಗೆ ಬರೆಸಿ. ಘೋಷಣೆ ಬರೆಯುವವನೂ ಬೈಟ್ ಬರೆಯುವವನೂ ಒಬ್ಬನೇ ಆಗಿರಬೇಕು. ಇಬ್ಬರಾದರೆ ಒಂದು ದಿನ ಜಗಳ ಗ್ಯಾರಂಟಿ.

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಜಾವಾ 18ರಿಂದ, ಅಂದರೆ 2022ರಿಂದ, ಡೀಫಾಲ್ಟ್ ಯುಟಿಎಫ್-8 ಆಗಿದೆ, ವಿಂಡೋಸ್‌ನಲ್ಲೂ. ಹೊಸ ಜಾವಾ ಹಾಕಿದರೆ ಈ ಬಗ್ ತಾನಾಗಿ ಮಾಯ. ಆದರೆ ಕಚೇರಿಯಲ್ಲಿ ನಿಜವಾಗಿಯೂ 1252ರಲ್ಲಿ ಬರೆದ ಬೇರೆ ಫೈಲ್‌ಗಳಿದ್ದರೆ ಅವು ಆ ದಿನದಿಂದ ಕೆಡಲು ಶುರುವಾಗುತ್ತವೆ. ಹಾಗಾಗಿ ವರ್ಷನ್ ಬದಲಿಸಿ ಕೈತೊಳೆದುಕೊಳ್ಳಬೇಡಿ, ಕೋಡಿನಲ್ಲೇ ಎನ್‌ಕೋಡಿಂಗ್ ಬರೆಯಿರಿ.

ಟೆಕ್ಸ್ಟ್ ಆಗಿಯೇ ಓದಬೇಕಾದ ಜಾಗ ಇದ್ದರೆ ಫೈಲ್ಸ್ ಕ್ಲಾಸಿನ ‘ನ್ಯೂಬಫರ್ಡ್‌ರೀಡರ್’ ಬಳಸಿ. ಫೈಲ್‌ರೀಡರ್ ಕೆಟ್ಟ ಬೈಟ್ ಕಂಡರೆ ಸುಮ್ನೆ ಬದಲಿ ಅಕ್ಷರ ಹಾಕಿ ಮುಂದೆ ಹೋಗುತ್ತದೆ. ಇದು ಎಕ್ಸೆಪ್ಷನ್ ಎಸೆದು ನಿಲ್ಲುತ್ತದೆ. ನನಗೆ ನಿಲ್ಲುವುದೇ ಇಷ್ಟ.

ಕಡಲತಡಿ (ಅಂಕೋಲಾ)

ಇನ್ನೊಂದು ಸುಲಭ ಉಪಾಯ. ಕಳಿಸುವಾಗಲೇ ಔಟ್‌ಪುಟ್ ಎನ್‌ಕೋಡಿಂಗ್ ಯುಎಸ್-ಆಸ್ಕಿ ಮಾಡಿ. ಆಗ ಕ ಅಕ್ಷರ ಕ ಆಗಿ ಹೋಗುತ್ತದೆ, ಉಕಾರ ು ಆಗಿ. ಫೈಲ್ ಪೂರ್ತಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ನಡುವೆ ಯಾರು 1252 ಅಂತ ಓದಿದರೂ, 8859-1 ಅಂತ ಓದಿದರೂ ಕೆಡುವುದಿಲ್ಲ. ಆ ಕಡೆಯ ಪಾರ್ಸರ್ ಅದನ್ನು ವಾಪಸ್ ಕನ್ನಡ ಮಾಡಿಕೊಳ್ಳುತ್ತದೆ. ಪೈಥಾನ್‌ನ ಎಲಿಮೆಂಟ್‌ಟ್ರೀ ‘ಟುಸ್ಟ್ರಿಂಗ್’ ಹೇಳದೆಯೇ ಹೀಗೆ ಮಾಡುತ್ತದೆ. ನಾನು ಮೊದಲು ಅದನ್ನು ನೋಡಿ ಬಗ್ ಅಂದುಕೊಂಡಿದ್ದೆ, ಆಮೇಲೆ ಅದೇ ರಕ್ಷಣೆ ಅಂತ ಗೊತ್ತಾಯಿತು.

ಕೂರ್ಮಗಡ (ಕಾರವಾರ)

ನಿಯಮದ ಪ್ರಕಾರ ಸರಿ. ಮೂರು ಬೈಟ್ ಇದ್ದದ್ದು ಏಳು ಬೈಟ್ ಆಗುತ್ತದೆ, ಅದೂ ದೊಡ್ಡ ವಿಷಯವಲ್ಲ. ಎರಡು ತಕರಾರು. ಟ್ಯಾಗ್ ಹೆಸರೇ ಕನ್ನಡದಲ್ಲಿದ್ದರೆ ಇದು ನಡೆಯುವುದಿಲ್ಲ, ಹೆಸರಿನೊಳಗೆ ಈ ರೀತಿ ಅಂಕಿ ಬರೆಯುವ ಹಾಗಿಲ್ಲ. ಎರಡನೆಯದು, ಲಾಗ್ ತೆರೆದರೆ ಮನುಷ್ಯರಿಗೆ ಒಂದಕ್ಷರ ಓದಲಿಕ್ಕೆ ಬರುವುದಿಲ್ಲ. ನಡುವಿನ ಪ್ರೋಗ್ರಾಂ ಬೇರೆಯವರದು, ಮುಟ್ಟುವ ಹಾಗೇ ಇಲ್ಲ ಅಂದಾಗ ಮಾತ್ರ ನಾನು ಇದಕ್ಕೆ ಹೋಗುತ್ತೇನೆ.

ಬಿಸಿಲುಗಟ್ಟೆ (ಹೊನ್ನಾವರ)

ಡಾಟ್‌ನೆಟ್‌ನವನು ನಾನು. ಇದೇ ರೀತಿ 1252ರಲ್ಲಿ ಓದಿ ಬರೆದು ನೋಡಿದೆ, ನನ್ನಲ್ಲಿ ಹೊನ್ನಾವರ ಕೆಡಲಿಲ್ಲ. ಹಳೇಜಾವಾ ಹೇಳಿದ್ದಕ್ಕೆ ತಾಳೆ ಆಗ್ತಾ ಇಲ್ಲವಲ್ಲ?

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ಒಳ್ಳೆ ಪ್ರಶ್ನೆ. ಮೈಕ್ರೋಸಾಫ್ಟ್‌ನ ಕೋಷ್ಟಕ ಆ ಐದು ತೂತುಗಳನ್ನು ಅದೇ ಸಂಖ್ಯೆಯ ಕಂಟ್ರೋಲ್ ಅಕ್ಷರಕ್ಕೆ ಹೊಂದಿಸುತ್ತದೆ. ಹಾಗಾಗಿ ಹೋದದ್ದು ಹಾಗೇ ವಾಪಸ್ ಬರುತ್ತದೆ. ಬ್ರೌಸರ್‌ಗಳೂ ಹಾಗೇ. ಜಾವಾ ಹಾಗೆ ಮಾಡುವುದಿಲ್ಲ. ಪೈಥಾನ್ ಅಂತೂ ಅಲ್ಲೇ ಎರರ್ ಕೊಡುತ್ತದೆ. ಹೆಸರು ಒಂದೇ, 1252. ನಡವಳಿಕೆ ಒಬ್ಬೊಬ್ಬರದು ಒಂದೊಂದು.

ಬಿಸಿಲುಗಟ್ಟೆ (ಹೊನ್ನಾವರ)

ಸರಿ. ನಮ್ಮ ಕಡೆಯ ತೊಂದರೆ ಬೇರೆ. ಸ್ಟ್ರಿಂಗ್‌ರೈಟರ್‌ಗೆ ಎಕ್ಸ್‌ಎಂಎಲ್ ಬರೆಸಿದರೆ ಘೋಷಣೆಯಲ್ಲಿ ಯುಟಿಎಫ್-16 ಅಂತ ತಾನಾಗಿ ಬರುತ್ತದೆ. ಆ ಸ್ಟ್ರಿಂಗನ್ನು ಯುಟಿಎಫ್-8 ಫೈಲ್ ಆಗಿ ಉಳಿಸಿದರೆ ಓದುವವರು ‘ಬೈಟ್ ಆರ್ಡರ್ ಮಾರ್ಕ್ ಇಲ್ಲ, ಬದಲಾಯಿಸಲಾಗದು’ ಅನ್ನುವ ಅರ್ಥದ ಎರರ್ ಕೊಡುತ್ತಾರೆ. ಡಾಟ್‌ನೆಟ್‌ನ ಸ್ಟ್ರಿಂಗ್ ಒಳಗೆ ಯುಟಿಎಫ್-16, ಅದನ್ನೇ ಅದು ಪ್ರಾಮಾಣಿಕವಾಗಿ ಬರೆಯುತ್ತದೆ. ಸ್ಟ್ರೀಮ್‌ಗೆ ನೇರ ಬರೆದರೆ ಈ ರಗಳೆ ಇಲ್ಲ.

ಕೂರ್ಮಗಡ (ಕಾರವಾರ)

ಅದೇ ಜಗಳ: ಘೋಷಣೆ ಬರೆದವನು ಒಬ್ಬ, ಬೈಟ್ ಬರೆದವನು ಇನ್ನೊಬ್ಬ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಇದರಲ್ಲಿ ಜಾಸ್ತಿ ಕಟ್ಟುನಿಟ್ಟು. ಎನ್‌ಕೋಡಿಂಗ್ ಘೋಷಣೆ ಇರುವ ಸ್ಟ್ರಿಂಗ್ ಕೊಟ್ಟರೆ ತೆಗೆದುಕೊಳ್ಳುವುದೇ ಇಲ್ಲ, ಬೈಟ್ ಕೊಡಿ ಅನ್ನುತ್ತದೆ. ಅದರ ಕೆಳಗಿರುವ ಲಿಬ್‌ಎಕ್ಸ್‌ಎಂಎಲ್2 ಏನೇ ಬಂದರೂ ಒಳಗೆ ಯುಟಿಎಫ್-8 ಮಾಡಿಕೊಂಡೇ ಇಟ್ಟುಕೊಳ್ಳುತ್ತದೆ. ಸಿ ಭಾಷೆಯಲ್ಲಿ ಅದನ್ನು ನೇರ ಬಳಸುವವರು ತಮ್ಮ ಬೇರೆ ಎನ್‌ಕೋಡಿಂಗ್‌ನ ಸ್ಟ್ರಿಂಗನ್ನು ಮೊದಲು ಯುಟಿಎಫ್-8 ಮಾಡಿಯೇ ಒಳಗೆ ಕೊಡಬೇಕು, ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಕಮಾಂಡ್ ಬಳಸುವವರಿಗೆ ಒಂದು ಮಾತು. ಅದು ಬೈಟ್ ಬದಲಿಸುತ್ತದೆ, ಮೊದಲ ಸಾಲಿನ ಘೋಷಣೆ ಬದಲಿಸುವುದಿಲ್ಲ. ಎಕ್ಸ್‌ಎಂಎಲ್‌ಲಿಂಟ್‌ನ ಎನ್‌ಕೋಡ್ ಆಯ್ಕೆ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ.

ಮಾವಿನಗುಂಡಿ

ನನ್ನ ಹತ್ತಿರ ನುಡಿಯಲ್ಲಿ ಟೈಪ್ ಮಾಡಿದ ಹಳೇ ದಾಖಲೆಗಳಿವೆ. ಅದನ್ನು ಎಕ್ಸ್‌ಎಂಎಲ್‌ಗೆ ಹಾಕಿ 1252 ಅಂತ ಘೋಷಣೆ ಕೊಟ್ಟರೆ ಪಾರ್ಸರ್ ಕನ್ನಡ ಮಾಡಿಕೊಡುತ್ತದಾ?

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ಇಲ್ಲ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳೇ. ದೊಡ್ಡ ‘ಪಿ’, ಅದರ ಮುಂದೆ ತಲೆಗೆರೆಯ ದೊಡ್ಡ ‘ಎ’ ಸೇರಿದರೆ ಕ ಅಂತ ಫಾಂಟ್ ಚಿತ್ರ ಬಿಡಿಸುತ್ತದೆ, ಅಷ್ಟೇ. ಯಾವ ಎನ್‌ಕೋಡಿಂಗ್ ಹೆಸರು ಕೊಟ್ಟರೂ ಪಾರ್ಸರ್‌ಗೆ ಕನ್ನಡ ಸಿಗುವುದಿಲ್ಲ. ಪ್ರತ್ಯೇಕ ಪರಿವರ್ತಕ ಬೇಕು. ಅದು ಚೂರುಗಳ ಕ್ರಮವನ್ನೂ ಬದಲಿಸಬೇಕಾಗುತ್ತದೆ: ಅರ್ಕಾವತ್ತು ಆ ಫಾಂಟ್‌ನಲ್ಲಿ ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ ಮತ್ತು ಹಲಂತ ಮೊದಲು ಬರುತ್ತವೆ. ಮೊದಲು ಪರಿವರ್ತನೆ, ಆಮೇಲೆ ಎಕ್ಸ್‌ಎಂಎಲ್.

ಇಸ್ಕಿ ದಾಖಲೆ ಇದ್ದರೆ ಕಥೆ ಬೇರೆ. 1991ರ ಭಾರತೀಯ ಮಾನಕ ಅದು, ನಿಜವಾದ ಎನ್‌ಕೋಡಿಂಗ್. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಗೆ 57008 ಅನ್ನುವ ಕೋಡ್‌ಪೇಜ್ ಇದೆ.

ಸೊಪ್ಪಿನಬೆಟ್ಟ (ಶಿರಸಿ)

ಪ್ರೋಗ್ರಾಂ ಬದಲಾಯಿಸಿದೆ. ಸ್ಟ್ರೀಮ್ ಒಳಗೆ, ಸ್ಟ್ರೀಮ್ ಹೊರಗೆ. 12 ತಾಲೂಕೂ ಪಾಸ್, ಏಲಕ್ಕಿಯೂ ಪಾಸ್.

ಉಳಿದದ್ದು ಈಗಾಗಲೇ ಕೆಟ್ಟ ಫೈಲ್‌ಗಳು. ಕೆಲವಕ್ಕೆ ಮೂಲ ಪ್ರತಿ ಇಲ್ಲ. ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಏನಿತ್ತು ಅಂತ ಕಂಡುಹಿಡಿಯಬಹುದಾ?

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ಬಹಳಷ್ಟು ಸಾಧ್ಯ. ಇ0 ಬಿ3 3ಎಫ್ ಕಂಡರೆ ಅದು ಉಕಾರ ಅಥವಾ ಹಲಂತ, ಮೂರನೆಯದು ನಿಮ್ಮ ಫೈಲಿನಲ್ಲಿ ಇರಲಿಕ್ಕಿಲ್ಲ. ಮುಂದೆ ಅನುಸ್ವಾರ ಇದ್ದರೆ ಖಂಡಿತ ಉಕಾರ, ಮುಂಡಗೋಡದ ‘ಮುಂ’ ಹಾಗೆ. ಹಲಂತದ ಮುಂದೆ ಅನುಸ್ವಾರ ಬರುವುದಿಲ್ಲ. ಎರಡೂ ಪಕ್ಕ ಒಂದೇ ವ್ಯಂಜನ ಇದ್ದರೆ ಬಹುಪಾಲು ಹಲಂತ: ಹೊನ್ನಾವರದ ನ್ನ, ಯಲ್ಲಾಪುರದ ಲ್ಲ. ಆದರೆ ‘ಮುಮುಕ್ಷು’ ಬಂದರೆ ಈ ನಿಯಮ ಮಣ್ಣುಪಾಲು. ಅಡಿಕೆ ಬಿಲ್ಲಿನಲ್ಲಿ ಮುಮುಕ್ಷು ಬರಲಿಕ್ಕಿಲ್ಲ ಬಿಡಿ.

ನಿಮಗೆ ಇಷ್ಟೆಲ್ಲ ಊಹೆ ಬೇಡ. ಸರಿಯಾದ ತಾಲೂಕು ಪಟ್ಟಿ, ಮಾಲಿನ ಪಟ್ಟಿ ನಿಮ್ಮ ಹತ್ತಿರ ಇದೆ. ಆ ಹೆಸರುಗಳನ್ನೇ ಹಳೇ ಪ್ರೋಗ್ರಾಂ ಮೂಲಕ ಓಡಿಸಿ ಬೇಕಂತಲೇ ಕೆಡಿಸಿ. ಕೆಟ್ಟ ರೂಪ ಒಂದು ಕಡೆ, ಸರಿ ರೂಪ ಇನ್ನೊಂದು ಕಡೆ ಇಟ್ಟು ಕೋಷ್ಟಕ ಮಾಡಿ. ಎರಡು ಹೆಸರು ಕೆಟ್ಟ ಮೇಲೆ ಒಂದೇ ರೀತಿ ಆಗುತ್ತವಾ ಅಂತ ಒಮ್ಮೆ ಪರೀಕ್ಷಿಸಿ. ಆಗದಿದ್ದರೆ ಬೈಟ್ ಮಟ್ಟದಲ್ಲೇ ಹುಡುಕಿ ಬದಲಿಸಿ. ಎಕ್ಸ್‌ಎಂಎಲ್ ಪಾರ್ಸರ್ ಆ ಫೈಲ್ ತೆರೆಯುವುದಿಲ್ಲ, ಅದಕ್ಕೆ ಬೈಟ್ ಮಟ್ಟ.

ಸೊಪ್ಪಿನಬೆಟ್ಟ (ಶಿರಸಿ)

ತಾಲೂಕು, ಮಾಲು ಎರಡೂ ವಾಪಸ್ ಬಂದವು. ಒಂದು ‘ಷರಾ’ ಕಾಲಂ ಇದೆ, ಅಲ್ಲಿ ಗುಮಾಸ್ತರು ಮನಸ್ಸಿಗೆ ಬಂದದ್ದು ಬರೆದಿದ್ದಾರೆ.

ಕೂರ್ಮಗಡ (ಕಾರವಾರ)

ಷರಾಕ್ಕೆ ಊಹೆ ಬೇಡ. ಹಣದ ವಿಷಯ ಅದರಲ್ಲಿರಬಹುದು. ಕಾಗದದ ಬಿಲ್ ನೋಡಿ ಯಾರಾದರೂ ಕೂತು ಟೈಪ್ ಮಾಡಲಿ.

ಅಘನಾಶಿನಿ (ಕುಮಟಾ)

ತಡವಾಗಿ ಬಂದೆ. ಡೇಟಾಬೇಸ್ ನೋಡಿದೆ, ಕೂರ್ಮಗಡ ಹೇಳಿದ ಗೆರೆ ಹೊತ್ತ ‘ಎ’ಗಳ ಮೆರವಣಿಗೆಯೇ ಇದೆ. ನಮ್ಮದೂ ಹೋಯಿತಾ?

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

ನಿಮ್ಮಲ್ಲಿ ಮೂಲ ಫೈಲಿನ ಬೈಟ್ ಸರಿಯಾಗಿಯೇ ಇದ್ದರೆ ನಿಮ್ಮದು ವಾಪಸ್ ಬರುತ್ತದೆ. 8859-1ರಲ್ಲಿ ತೂತು ಇಲ್ಲ, 81 ಅಂದರೆ 81 ಆಗಿಯೇ ಉಳಿಯುತ್ತದೆ. ಆ ಸ್ಟ್ರಿಂಗನ್ನು 8859-1 ಅಂತ ಬೈಟ್ ಮಾಡಿ, ಆ ಬೈಟ್‌ಗಳನ್ನು ಯುಟಿಎಫ್-8 ಅಂತ ಓದಿ. 1252 ಬಳಸಬೇಡಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಎರಡು ಅಕ್ಷರದ ಮೇಲೆ ಕಣ್ಣಿಡಿ. ಠ ಅಕ್ಷರದ ಮೂರನೇ ಬೈಟ್ ಎ0, ಅದು ಮುರಿಯದ ಸ್ಪೇಸ್. ಭ ಅಕ್ಷರದ್ದು ಎಡಿ, ಅದು ಕಣ್ಣಿಗೆ ಕಾಣದ ಹೈಫನ್. ನಡುವೆ ಯಾರಾದರೂ ‘ಸ್ಪೇಸ್ ಕ್ಲೀನ್’ ಮಾಡುವ ಸ್ಕ್ರಿಪ್ಟ್ ಓಡಿಸಿದ್ದರೆ ಇವೆರಡು ಹೋಗಿರುತ್ತವೆ.

ಅಘನಾಶಿನಿ (ಕುಮಟಾ)

ಓಡಿಸಿ ನೋಡಿದೆ. ಕುಮಟಾ ಬಂತು, ಹೊನ್ನಾವರ ಬಂತು, ಭಟ್ಕಳವೂ ಬಂತು. ವಿಳಾಸದಲ್ಲಿ ‘ಮಠ’ ಇರುವ ಸಾಲುಗಳು ಮಾತ್ರ ಎರರ್ ಕೊಡುತ್ತಿವೆ. ಅಲ್ಲಿ ಇ0 ಬಿ2 20 ಇದೆ. ಯಾರೋ ಸ್ಪೇಸ್ ಕ್ಲೀನ್ ಮಾಡಿದ್ದಾರೆ!

ಹಳೇಜಾವಾ (ಯಲ್ಲಾಪುರ, ಈಗ ಬೆಂಗಳೂರು)

‘ಮಠ’ ಇರುವ ಜಾಗದಲ್ಲಿ ಇ0 ಬಿ2 20 ಅಂದರೆ ಅದು ಠ. 20 ಇರುವಲ್ಲಿ ಎ0 ಹಾಕಿ, ಮತ್ತೆ ಓಡಿಸಿ.